ಜುಬೀನ್‌ನಿಂದ ಅಪ್ಪುವರೆಗೆ: ಕಲಾವಿದರ ಸಾವಿಗೆ ಜನ ಹೀಗೇಕೆ ಅಳುತ್ತಾರೆ?

ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕಾರ್ಮಿಕರ ಸಂಖ್ಯೆ ದೊಡ್ಡದು. 2025ರ ಸೆಪ್ಟೆಂಬರ್ 19ರಂದು ಗಾಯಕ ಜುಬೀನ್ ಗರ್ಗ್ ಸಿಂಗಪುರದಲ್ಲಿ ತೀರಿಕೊಂಡಾಗ ಕನ್ನಡದ ಬಹುಪಾಲು ಓದುಗರಿಗೆ ಆ ಹೆಸರು ಒಂದೆರಡು ಹಿಂದಿ ಹಾಡುಗಳಾಚೆಗೆ ಗೊತ್ತಿರಲಿಲ್ಲ. ಮುಂದಿನ ನಾಲ್ಕು ದಿನ ಗುವಾಹಟಿಯ ಬೀದಿಗಳಲ್ಲಿ ಕಂಡ ಜನಸಾಗರ, ರಾಜ್ಯ ಸರ್ಕಾರ ಘೋಷಿಸಿದ ಶೋಕಾಚರಣೆ, ತಾನಾಗಿಯೇ ಮುಚ್ಚಿಕೊಂಡ ಅಂಗಡಿಗಳು, ತಾನು ಸತ್ತಾಗ ಹಾಡಿ ಎಂದು ಗಾಯಕರೇ ಹಿಂದೊಮ್ಮೆ ಹೇಳಿದ್ದ ಹಾಡನ್ನು ಸಾವಿರಾರು ಮಂದಿ ಒಂದೇ ದನಿಯಲ್ಲಿ ಹಾಡಿದ ದೃಶ್ಯ, ಇವೆಲ್ಲ ಫೋನುಗಳಿಗೆ ಬಂದಾಗ ಸಹಜವಾಗಿಯೇ ಒಂದು ಪ್ರಶ್ನೆ ಎದ್ದಿತು. ಒಬ್ಬ ಹಾಡುಗಾರನಿಗಾಗಿ ಇಡೀ ರಾಜ್ಯ ಹೀಗೆ ಅಳುವುದೇ? ಅತ್ತ ಅದೇ ಜನ ಕೆಲವೇ ವಾರಗಳಲ್ಲಿ ಕಲ್ಲು ಹಿಡಿದು ಜೈಲಿನ ಮುಂದೆ ನಿಂತದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಅಸ್ಸಾಮಿನವರೆಗೆ ಹೋಗಬೇಕಾಗಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕರ್ನಾಟಕವನ್ನು ನೋಡಿದ ಹೊರಗಿನವರು ಕೇಳಿದ್ದೂ ಇದನ್ನೇ.

ಅಸ್ಸಾಮಿನಲ್ಲಿ ಆದದ್ದೇನು

ಜುಬೀನ್ ಸಿಂಗಪುರಕ್ಕೆ ಹೋದದ್ದು ಅಲ್ಲಿನ ಈಶಾನ್ಯ ಭಾರತ ಉತ್ಸವದಲ್ಲಿ ಹಾಡಲು. ಕಾರ್ಯಕ್ರಮಕ್ಕೆ ಒಂದು ದಿನ ಮೊದಲು ಸಮುದ್ರದಲ್ಲಿ ಈಜುವಾಗ ಅವರು ಅಸುನೀಗಿದರು. ಸ್ಕೂಬಾ ಡೈವಿಂಗ್ ವೇಳೆ ಸಾವು ಎಂದು ಮೊದಲು ಹರಡಿದ ಸುದ್ದಿ ತಪ್ಪೆಂದು ಬೇಗನೆ ತಿಳಿಯಿತು, ಮರಣ ಪ್ರಮಾಣಪತ್ರದಲ್ಲಿ ಮುಳುಗಿ ಸಾವು ಎಂದಿತ್ತು. ಆದರೆ ಮೊದಲ ಸುದ್ದಿಯೇ ಬದಲಾದ ಮೇಲೆ ಎರಡನೆಯದನ್ನು ಏಕೆ ನಂಬಬೇಕು ಎಂಬ ಅನುಮಾನ ಅಷ್ಟರಲ್ಲಿ ಬೇರೂರಿತ್ತು. ಜನರ ಒತ್ತಾಯಕ್ಕೆ ಮಣಿದು ಗುವಾಹಟಿಯಲ್ಲಿ ಎರಡನೇ ಬಾರಿ ಮರಣೋತ್ತರ ಪರೀಕ್ಷೆ ನಡೆಯಿತು. ಸೆಪ್ಟೆಂಬರ್ 23ರಂದು ನಗರದ ಹೊರವಲಯದ ಸೋನಾಪುರದಲ್ಲಿ ಸಕಲ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ಆಯಿತು. ನಂತರ ವಿಶೇಷ ತನಿಖಾ ತಂಡ ರಚನೆಯಾಯಿತು, ಉತ್ಸವದ ಸಂಘಟಕರು ಮತ್ತು ಗಾಯಕರ ಮ್ಯಾನೇಜರ್ ಬಂಧನಕ್ಕೊಳಗಾದರು. ಅಕ್ಟೋಬರ್‌ನಲ್ಲಿ ಆರೋಪಿಗಳನ್ನು ಬಾಕ್ಸಾ ಜಿಲ್ಲೆಯ ಜೈಲಿಗೆ ಕರೆತಂದಾಗ ಹೊರಗೆ ಸೇರಿದ ಗುಂಪು ಹಿಂಸೆಗಿಳಿಯಿತು. ಇತ್ತ ಸಿಂಗಪುರದ ಪೊಲೀಸರು ತಮ್ಮ ಪ್ರಾಥಮಿಕ ತನಿಖೆಯಲ್ಲಿ ದುಷ್ಕೃತ್ಯದ ಸುಳಿವು ಕಂಡಿಲ್ಲವೆಂದರೆ, ಅತ್ತ ಅಸ್ಸಾಮಿನ ಮುಖ್ಯಮಂತ್ರಿ ವಿಧಾನಸಭೆಯಲ್ಲಿಯೇ ಇದು ಕೊಲೆ ಎಂದರು. ಓದುಗರಿಗೆ ಗೊಂದಲವಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಂಡಿರದವರೊಂದಿಗಿನ ನಂಟು

ಮುಖತಃ ಭೇಟಿಯಾಗದ ವ್ಯಕ್ತಿಯ ಸಾವಿಗೆ ಬರುವ ಕಣ್ಣೀರು ನಿಜವೋ ನಟನೆಯೋ ಎಂಬ ವಾದ ಹಳೆಯದು. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು, ಆಗಷ್ಟೇ ಮನೆಮನೆಗೆ ಬರುತ್ತಿದ್ದ ಟಿವಿಯನ್ನು ನೋಡಿ, ಪರದೆಯ ಮೇಲಿನವರೊಂದಿಗೆ ನೋಡುಗರು ಬೆಳೆಸಿಕೊಳ್ಳುವ ಏಕಮುಖ ಆಪ್ತತೆಯ ಬಗ್ಗೆ ಬರೆದರು. ಪರದೆಯ ಮನುಷ್ಯನಿಗೆ ನಮ್ಮ ಪರಿಚಯವಿಲ್ಲ, ಆದರೆ ಅವನ ನಗು, ಸಿಟ್ಟು, ಮಾತಿನ ಧಾಟಿ ನಮಗೆ ನಮ್ಮ ದಾಯಾದಿಗಳದ್ದಕ್ಕಿಂತ ಚೆನ್ನಾಗಿ ಗೊತ್ತು. ಮಿದುಳು ಈ ಪರಿಚಯವನ್ನು ಬೇರೆಯದೇ ಕಪಾಟಿನಲ್ಲಿ ಇಡುವುದಿಲ್ಲ. ಮೂವತ್ತು ವರ್ಷ ಕೇಳಿದ ದನಿ ನಿಂತಾಗ ಆಗುವ ನೋವು ಹಾಗಾಗಿ ಸುಳ್ಳಲ್ಲ.

ಇದಕ್ಕೆ ಮತ್ತೊಂದು ಪದರವೂ ಇದೆ. ದೊಡ್ಡ ಭಾಷೆಗಳ ನಡುವೆ ತಮ್ಮ ಭಾಷೆ ಸೊರಗುತ್ತಿದೆ ಎಂಬ ಅಳುಕು ಇರುವಲ್ಲಿ ಕಲಾವಿದ ಬರೀ ಮನರಂಜನೆ ಕೊಡುವವನಾಗಿ ಉಳಿಯುವುದಿಲ್ಲ. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದ ಮೇಲೆ ಅದರ ಸ್ವರೂಪವೇ ಬದಲಾಯಿತು. ಜುಬೀನ್ ಹಿಂದಿಯಲ್ಲಿ ಹೆಸರು ಮಾಡಿದ ಮೇಲೂ ಅಸ್ಸಾಮಿಗೆ ಮರಳಿ ನಿಂತವರು, ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಬೀದಿಗಿಳಿದವರು. ಅಂಥವರು ಹೋದಾಗ ಜನ ಅಳುವುದು ಅರ್ಧ ವ್ಯಕ್ತಿಗಾಗಿ, ಇನ್ನರ್ಧ ತಮಗಾಗಿ. ಕೊಡವ ತಕ್ಕ್ ಮತ್ತು ಅರೆಭಾಷೆಗಳಿಗಾಗಿ ಅಕಾಡೆಮಿಗಳನ್ನು ಕೇಳಿ ಪಡೆದ ಕೊಡಗಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವೆಂದರೆ, ಇಲ್ಲಿನ ಸಣ್ಣ ಭಾಷೆಗಳ ಹಾಡುಗಾರ ತೀರಿಕೊಂಡರೆ ಅಳುವವರಲ್ಲಿ ಹೆಚ್ಚಿನವರು ಆತನ ಮನೆಯ ಅಂಗಳವನ್ನು ಒಮ್ಮೆಯಾದರೂ ತುಳಿದವರೇ ಆಗಿರುತ್ತಾರೆ.

ಎರಡು ಗುಂಡಿನ ಸದ್ದು

ಈ ವ್ಯತ್ಯಾಸ ಸಣ್ಣದಲ್ಲ. ಕೊಡವರ ಸಂಪ್ರದಾಯದಲ್ಲಿ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಆ ಸದ್ದು ಸುದ್ದಿಯೂ ಹೌದು, ಕರೆಯೂ ಹೌದು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಸೌದೆ ಹೊಂದಿಸುವವರು, ನೆಂಟರಿಗೆ ಸುದ್ದಿ ಮುಟ್ಟಿಸುವವರು, ಬಂದವರಿಗೆ ಅನ್ನ ಬೇಯಿಸುವವರು ಹೀಗೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಬೀಳುತ್ತದೆ. ತೂಟಂಗಳದಲ್ಲಿ, ಅಂದರೆ ಮಸಣದಲ್ಲಿ, ಕ್ರಿಯೆ ಮುಗಿದ ಮೇಲೂ ಮಾದ ಎಂಬ ತಿಥಿಕರ್ಮದವರೆಗೆ ದುಃಖಕ್ಕೆ ಒಂದು ಲೆಕ್ಕವಿದೆ, ಒಂದು ಗಡುವಿದೆ. ಅರೆಭಾಷೆ ಗೌಡರಲ್ಲಿ, ಮುಸ್ಲಿಮರಲ್ಲಿ, ಯರವರಲ್ಲಿ ಕ್ರಮಗಳು ಬೇರೆ, ಆದರೆ ಶೋಕಿಸುವವರಿಗೆ ಮಾಡಲು ಏನಾದರೊಂದು ಇರುತ್ತದೆ ಎಂಬುದರಲ್ಲಿ ಎಲ್ಲೂ ವ್ಯತ್ಯಾಸವಿಲ್ಲ.

ತಾರೆಯೊಬ್ಬರು ತೀರಿಕೊಂಡಾಗ ಆಗುವುದು ಇದರ ತಿರುವುಮುರುವು. ಸುದ್ದಿ ಎರಡು ಗುಂಡಿಗಿಂತ ವೇಗವಾಗಿ ಲಕ್ಷಾಂತರ ಮಂದಿಯನ್ನು ಮುಟ್ಟುತ್ತದೆ, ಆದರೆ ಅದರಲ್ಲಿ ಕರೆ ಇಲ್ಲ. ಹೆಗಲು ಕೊಡಲು ಹೋಗುವಂತಿಲ್ಲ, ಮನೆಯವರ ಕೈ ಹಿಡಿದು ಎರಡು ಮಾತು ಆಡುವಂತಿಲ್ಲ, ರಜೆ ಕೇಳಿದರೆ ನಗುತ್ತಾರೆ. ಸಮಾಜ ಒಪ್ಪದ, ಹೇಳಿಕೊಳ್ಳಲು ಜಾಗವಿಲ್ಲದ ಇಂಥ ದುಃಖವನ್ನು ಅಮೆರಿಕದ ಕೆನ್ನೆತ್ ಡೋಕಾ 1989ರಲ್ಲಿ ಮಾನ್ಯತೆ ಕಳೆದುಕೊಂಡ ಶೋಕವೆಂದು ವಿವರಿಸಿದರು. ಸ್ಟೇಟಸ್‌ಗೆ ಫೋಟೊ ಹಾಕುವುದು, ‘ಓಂ ಶಾಂತಿ’ ಎಂದು ಬರೆಯುವುದು, ಆಟೊದ ಹಿಂಬದಿಗೆ ಚಿತ್ರ ಅಂಟಿಸುವುದು ಕೆಲವರಿಗೆ ಹಾಸ್ಯಾಸ್ಪದವಾಗಿ ಕಾಣಬಹುದು. ಮಾಡಲು ಬೇರೇನೂ ಸಿಗದವರು ಮಾಡಿಕೊಂಡ ಕೆಲಸವದು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ತೀರಿಕೊಂಡ ಶಂಕರ್‌ನಾಗ್ ಅವರ ಚಿತ್ರ ಇಂದಿಗೂ ಆಟೊಗಳ ಮೇಲಿದೆ, ಅವುಗಳನ್ನು ಓಡಿಸುವ ಎಷ್ಟೋ ಹುಡುಗರು ಆಗ ಹುಟ್ಟಿಯೇ ಇರಲಿಲ್ಲ.

ಒಂದೇ ಮನೆ, ಎರಡು ಸಾವು

ಜನರ ಗುಂಪು ಹುಚ್ಚಾಗುವುದು ಸಹಜವೆಂದು ಹೇಳುವವರು 2006ನ್ನು ಉದಾಹರಿಸುತ್ತಾರೆ. ಆ ವರ್ಷದ ಏಪ್ರಿಲ್ 12ರ ಮಧ್ಯಾಹ್ನ ರಾಜ್‌ಕುಮಾರ್ ಹಠಾತ್ತಾಗಿ ನಿಧನರಾದರು. ದರ್ಶನ ಎಲ್ಲಿ, ಎಷ್ಟು ಹೊತ್ತು, ಅಂತ್ಯಕ್ರಿಯೆ ಯಾವಾಗ ಎಂಬುದು ಜನರಿಗೆ ಸ್ಪಷ್ಟವಾಗುವ ಮೊದಲೇ ಬೆಂಗಳೂರಿನ ರಸ್ತೆಗಳು ತುಂಬಿದ್ದವು. ಮರುದಿನವೇ ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಸಂಸ್ಕಾರ ಮುಗಿಯಿತು. ನಡುವಿನ ಗಂಟೆಗಳಲ್ಲಿ ಬಸ್ಸುಗಳು ಸುಟ್ಟವು, ಅಶ್ರುವಾಯು ಸಿಡಿಯಿತು, ಗೋಲಿಬಾರ್ ನಡೆಯಿತು, ಕರ್ತವ್ಯದಲ್ಲಿದ್ದ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರು ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಕೊನೆಯ ಬಾರಿ ಮುಖ ನೋಡಬೇಕೆಂದು ಬಂದವರಲ್ಲಿ ಬಹಳ ಮಂದಿ ನೋಡದೆಯೇ ಮರಳಿದರು.

2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ, 46 ವರ್ಷದ ಪುನೀತ್ ಹೃದಯಾಘಾತದಿಂದ ತೀರಿಕೊಂಡಾಗ ಆಘಾತ ಇನ್ನೂ ದೊಡ್ಡದಿತ್ತು. ತಂದೆಯದ್ದು ತುಂಬು ಜೀವನ, ಮಗನದ್ದು ನಡುಹಾದಿಯಲ್ಲಿ ನಿಂತ ಬದುಕು. ಜನಸಂದಣಿಯೂ ಕಡಿಮೆ ಇರಲಿಲ್ಲ. ಆದರೂ ಬೆಂಗಳೂರು ಹೊತ್ತಿ ಉರಿಯಲಿಲ್ಲ. ಏಕೆಂದರೆ ಈ ಬಾರಿ ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣದಲ್ಲಿ ಇಡಲಾಯಿತು, ಅಮೆರಿಕದಿಂದ ಮಗಳು ಬರುವುದಕ್ಕಾಗಿ ಅಂತ್ಯಕ್ರಿಯೆಯನ್ನು ಭಾನುವಾರಕ್ಕೆ ಮುಂದೂಡಿದ್ದರಿಂದ ಸರತಿ ರಾತ್ರಿಯಿಡೀ ಸಾಗಲು ಅವಕಾಶವಾಯಿತು, ನಗರದಲ್ಲಿ ಮದ್ಯ ಮಾರಾಟ ನಿಂತಿತು, ಸಹೋದರರು ಮತ್ತೆ ಮತ್ತೆ ಶಾಂತಿ ಕಾಪಾಡಲು ಕೇಳಿಕೊಂಡರು. ಭಾನುವಾರ ಜನ ಸೇರುವ ಮೊದಲೇ, ನಸುಕಿನಲ್ಲಿ ಸಮಾಧಿ ಕಾರ್ಯ ನಡೆಯಿತು. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಪೊಲೀಸ್ ಸಂಖ್ಯೆಯಲ್ಲ, ಸರತಿ ಸಾಲು. ನಾಲ್ಕೈದು ಗಂಟೆ ನಿಂತು, ಮುಖ ನೋಡಿ, ಕೈ ಮುಗಿದು ಹೊರಬಂದವನಿಗೆ ತಾನು ಮಾಡಬೇಕಾದ್ದನ್ನು ಮಾಡಿದೆನೆಂಬ ಸಮಾಧಾನ ಸಿಗುತ್ತದೆ. ಅದೇ ಅವನ ಪಾಲಿನ ಹೆಗಲು.

2025ರ ನವೆಂಬರ್ 24ರಂದು ಹಿಂದಿ ನಟ ಧರ್ಮೇಂದ್ರ ತೀರಿಕೊಂಡಾಗ ಕಂಡದ್ದು ಇದಕ್ಕೆ ಎದುರಿನ ಉದಾಹರಣೆ. ಎರಡು ವಾರ ಮೊದಲೇ ಕೆಲವು ಮಾಧ್ಯಮಗಳು ಅವರ ಸಾವಿನ ಸುದ್ದಿ ಬಿತ್ತರಿಸಿದ್ದವು, ಕುಟುಂಬ ಅದನ್ನು ಸಿಟ್ಟಿನಿಂದಲೇ ಅಲ್ಲಗಳೆಯಿತು. ನಿಜವಾಗಿ ಸಾವಾದಾಗ ಅಂತ್ಯಕ್ರಿಯೆ ಸದ್ದಿಲ್ಲದೆ, ಬೇಗ ಮುಗಿಯಿತು. ಕುಟುಂಬಕ್ಕೆ ಆ ಹಕ್ಕು ಖಂಡಿತ ಇತ್ತು. ಆದರೆ ದರ್ಶನ ಸಿಗದ ಅಭಿಮಾನಿಗಳ ಬೇಸರವೂ ಅಷ್ಟೇ ನಿರೀಕ್ಷಿತವಾಗಿತ್ತು. ಮನೆಯವರ ಖಾಸಗಿ ಶೋಕ ಮತ್ತು ಸಾರ್ವಜನಿಕರ ಶೋಕ, ಇವೆರಡರ ನಡುವಿನ ಈ ಎಳೆದಾಟಕ್ಕೆ ಸುಲಭ ಪರಿಹಾರ ಇನ್ನೂ ಸಿಕ್ಕಿಲ್ಲ.

ದುಃಖ ಆರೋಪಿಯನ್ನು ಹುಡುಕುವಾಗ

ಮಾಡಲು ಕೆಲಸ ಸಿಗದ ದುಃಖ ಹಿಡಿಯುವ ಇನ್ನೊಂದು ದಾರಿ ‘ಯಾರ ತಪ್ಪು?’ ಎಂಬ ಹುಡುಕಾಟ. ವಯಸ್ಸಾದವರ ಸಾವಿನಲ್ಲಿ ಈ ಪ್ರಶ್ನೆ ಬರುವುದು ಕಡಿಮೆ. ಅನಿರೀಕ್ಷಿತ ಸಾವಿಗೆ ಮಾತ್ರ ಜನ ಸಾವಿನಷ್ಟೇ ದೊಡ್ಡ ಕಾರಣವನ್ನು ಬಯಸುತ್ತಾರೆ. ಅಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ಕಾರಣಕ್ಕೆ ಹೋಗಲು ಸಾಧ್ಯವೇ ಎಂಬ ಅಪನಂಬಿಕೆ ಅದು. ಪುನೀತ್ ಸಾವಿನ ಬಳಿಕ ಕೊನೆಯ ಗಂಟೆಯ ಒಂದೊಂದು ನಿಮಿಷವನ್ನೂ ಟಿವಿ ವಾಹಿನಿಗಳು ಲೆಕ್ಕ ಹಾಕಿದವು, ಅವರನ್ನು ಮೊದಲು ನೋಡಿದ ಕುಟುಂಬ ವೈದ್ಯರಿಗೆ ಪೊಲೀಸ್ ರಕ್ಷಣೆ ಕೊಡಬೇಕಾಯಿತು. ತಮಿಳು ಹಾಸ್ಯನಟ ವಿವೇಕ್ 2021ರ ಏಪ್ರಿಲ್‌ನಲ್ಲಿ ಕೋವಿಡ್ ಲಸಿಕೆ ಪಡೆದ ಎರಡು ದಿನಕ್ಕೆ ತೀರಿಕೊಂಡಾಗ ಲಸಿಕೆಯೇ ಕಾರಣವೆಂಬ ವದಂತಿ ಗಡಿ ದಾಟಿ ನಮ್ಮ ತೋಟಗಳ ತಮಿಳು ಕುಟುಂಬಗಳವರೆಗೂ ಹರಡುವಂಥದ್ದಾಗಿತ್ತು. ಲಸಿಕೆಗೂ ಆ ಸಾವಿಗೂ ಸಂಬಂಧವಿಲ್ಲವೆಂದು ಪರಿಶೀಲನಾ ಸಮಿತಿ ಹೇಳುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

2020ರ ಜೂನ್‌ನಲ್ಲಿ ಸುಶಾಂತ್ ಸಿಂಗ್ ರಜಪೂತ್ ಸಾವಿನ ನಂತರ ನಡೆದದ್ದು ಈ ಹುಡುಕಾಟದ ಅತಿರೇಕ. ತೀರ್ಪನ್ನು ವಾಹಿನಿಗಳೇ ಕೊಟ್ಟವು. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮಾಧ್ಯಮ ವಿಚಾರಣೆಯನ್ನು ಟೀಕಿಸಿ, ತನಿಖೆ ನಡೆಯುವಾಗ ಅನುಸರಿಸಬೇಕಾದ ಸಂಯಮವನ್ನು ವಿವರಿಸಿತು. 2025ರಲ್ಲಿ ಸಿಬಿಐ ಪ್ರಕರಣ ಮುಕ್ತಾಯದ ವರದಿ ಸಲ್ಲಿಸಿದಾಗ ಆ ಸುದ್ದಿಗೆ ಮೊದಲ ಆರೋಪಗಳ ನೂರರಲ್ಲೊಂದು ಪಾಲು ಸಮಯವೂ ಸಿಗಲಿಲ್ಲ ಎನ್ನಬಹುದು. ಜುಬೀನ್ ಪ್ರಕರಣದಲ್ಲಿ ನ್ಯಾಯಾಲಯ ಏನು ಹೇಳುತ್ತದೋ ಹೇಳಲಿ, ಬಾಕ್ಸಾದಲ್ಲಿ ಕಲ್ಲು ಹಿಡಿದವರಿಗೆ ಅದು ಆಗಲೇ ನಿರ್ಧಾರವಾಗಿತ್ತು. ಸರ್ಕಾರದ ಮುಖ್ಯಸ್ಥರೇ ತನಿಖೆಗೆ ಮೊದಲು ಅಥವಾ ನಡುವೆ ತೀರ್ಮಾನ ಹೇಳಿದರೆ ಗುಂಪು ಇನ್ನಷ್ಟು ಗಟ್ಟಿಯಾಗುತ್ತದೆ.

ಸೈನಿಕರ ಜಿಲ್ಲೆಯ ಆಕ್ಷೇಪ

ಕೊಡಗಿನಲ್ಲಿ ಈ ವಿಷಯ ಬಂದಾಗಲೆಲ್ಲ ಕೇಳುವ ಆಕ್ಷೇಪ ಇನ್ನೊಂದು ಬಗೆಯದು. ಸೇನೆಗೆ ಮಕ್ಕಳನ್ನು ಕಳುಹಿಸುವ ಜಿಲ್ಲೆ ಇದು. ನಟನಿಗೆ ತ್ರಿವರ್ಣ ಧ್ವಜ ಹೊದಿಸಿ ಕುಶಾಲತೋಪು ಹಾರಿಸುವುದನ್ನು ನೋಡಿದಾಗ, ಗಡಿಯಲ್ಲಿ ಮಡಿದವನಿಗೂ ಬಣ್ಣ ಹಚ್ಚಿದವನಿಗೂ ಒಂದೇ ಮರ್ಯಾದೆಯೇ ಎಂದು ಮಾಜಿ ಸೈನಿಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಹೊಣೆ ಹೊತ್ತಿದ್ದಾಗ 1965ರಲ್ಲಿ ತೀರಿಕೊಂಡ ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಯಾದದ್ದು ಐವತ್ತೈದು ವರ್ಷ ಕಳೆದ ಮೇಲೆ, 2021ರಲ್ಲಿ.

ನಿಯಮವೇನೆಂದು ನೋಡೋಣ. ರಾಷ್ಟ್ರೀಯ ಗೌರವಗಳಿಗೆ ಅವಮಾನ ತಡೆ ಕಾಯ್ದೆ, 1971ರ ಪ್ರಕಾರ ಸರ್ಕಾರಿ ಗೌರವದ ಅಂತ್ಯಕ್ರಿಯೆ ಮತ್ತು ಸಶಸ್ತ್ರ ಅಥವಾ ಅರೆಸೇನಾ ಪಡೆಗಳ ಅಂತ್ಯಕ್ರಿಯೆಗಳಲ್ಲಿ ಮಾತ್ರ ಧ್ವಜ ಹೊದಿಸಬಹುದು, ಮತ್ತು ಧ್ವಜ ಸಂಹಿತೆಯಂತೆ ಅದನ್ನು ಚಿತೆಯಲ್ಲಿ ಸುಡುವಂತಿಲ್ಲ, ಗುಂಡಿಗೆ ಇಳಿಸುವಂತಿಲ್ಲ. ಹಾಗಾದರೆ ಸರ್ಕಾರಿ ಗೌರವ ಯಾರಿಗೆ? ಒಂದು ಕಾಲಕ್ಕೆ ಅದು ಉನ್ನತ ಹುದ್ದೆಗಳಲ್ಲಿದ್ದವರಿಗೆ ಮೀಸಲಾಗಿತ್ತು. ಈಗ ರಾಜ್ಯ ಸರ್ಕಾರ ತನ್ನ ವಿವೇಚನೆಯಿಂದ ಯಾರಿಗಾದರೂ ಕೊಡಬಹುದು, ವ್ಯವಹಾರದಲ್ಲಿ ಅದು ಮುಖ್ಯಮಂತ್ರಿಯ ತೀರ್ಮಾನ. ಪದ್ಮ ಪ್ರಶಸ್ತಿ ಪಡೆದವರಿಗೆಲ್ಲ ಅದು ತಾನಾಗಿಯೇ ಸಿಗುತ್ತದೆಂಬುದು ತಪ್ಪು ತಿಳಿವಳಿಕೆ. ಮಾನದಂಡ ಬರೆದಿಟ್ಟಿಲ್ಲದ ಕಾರಣ ಜನರ ಒತ್ತಡವೇ ಮಾನದಂಡವಾಗುತ್ತದೆ, ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರ ಅಭಿಮಾನಿಗಳು ಹಕ್ಕೆಂದು ಕೇಳುತ್ತಾರೆ, ಮುಂದಿನ ಮುಖ್ಯಮಂತ್ರಿಗೆ ಇಲ್ಲವೆನ್ನಲು ಧೈರ್ಯ ಬರುವುದಿಲ್ಲ.

ಗಮನ ಹಂಚಿಕೆಯ ಅನ್ಯಾಯವೂ ಈ ಆಕ್ಷೇಪದೊಳಗಿದೆ. 2018ರ ನವೆಂಬರ್ 24ರ ಮಧ್ಯಾಹ್ನ ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಮಂದಿ ಸತ್ತರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು. ಮರುದಿನದಿಂದ ಮಂಡ್ಯವೆಂದರೆ ಹೆಲಿಕಾಪ್ಟರ್‌ನಲ್ಲಿ ಬಂದ ನಾಯಕನ ಪಾರ್ಥಿವ ಶರೀರವಾಯಿತು, ನಾಲೆಯ ನೀರು ಸುದ್ದಿಯ ಅಂಚಿಗೆ ಸರಿಯಿತು. ಇದಕ್ಕೆ ಅಳುವ ಜನರನ್ನು ದೂರಿ ಪ್ರಯೋಜನವಿಲ್ಲ. ಅಂಬರೀಶ್ ಅವರಿಗಾಗಿ ಅತ್ತ ಮಂಡ್ಯದವರೇ ಹಿಂದಿನ ಸಂಜೆ ನಾಲೆಯ ದಂಡೆಯಲ್ಲೂ ಅತ್ತಿದ್ದರು.

ಮುಗಿಯದ ಸಮಾಧಿ

ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿ. ಜಾಗದ ಒಡೆತನದ ವ್ಯಾಜ್ಯ ಬಗೆಹರಿಯದ ಕಾರಣ ಸರ್ಕಾರದ ಸ್ಮಾರಕ ಮೈಸೂರು ಬಳಿಗೆ ಹೋಯಿತು, 2023ರ ಜನವರಿಯಲ್ಲಿ ಉದ್ಘಾಟನೆಯೂ ಆಯಿತು. ಆದರೂ ಅಭಿಮಾನಿಗಳಿಗೆ ಸುಟ್ಟ ನೆಲವೇ ಪುಣ್ಯಭೂಮಿಯಾಗಿ ಉಳಿಯಿತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸಮಾಧಿಯನ್ನು ರಾತ್ರೋರಾತ್ರಿ ತೆರವು ಮಾಡಿದಾಗ ಸುಮಾರು ಹದಿನಾರು ವರ್ಷ ಹಳೆಯ ದುಃಖ ಮೊದಲ ದಿನದಂತೆ ಬೀದಿಗೆ ಬಂತು. ಮರು ತಿಂಗಳು ಸರ್ಕಾರ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಘೋಷಿಸಿತು. ಪ್ರಶಸ್ತಿಗೆ ಅವರು ಅರ್ಹರೇ ಆಗಿದ್ದರು, ಆದರೆ ಘೋಷಣೆಯ ಹೊತ್ತನ್ನು ನೋಡಿದರೆ ಅದರಲ್ಲಿ ಸಾಂತ್ವನದ ಲೆಕ್ಕಾಚಾರವೂ ಇತ್ತೆಂದು ಅನುಮಾನಿಸಬಹುದು. ಮೊದಲ ದಿನವೇ ಜಾಗದ ಕಾಗದಪತ್ರ ನೋಡದೆ ಅವಸರದಲ್ಲಿ ಮಾಡಿದ ತೀರ್ಮಾನದ ಬೆಲೆ ಇದು.

ಕಣ್ಣು, ಹೃದಯ ಮತ್ತು ಒಂದು ಅಪಾಯ

ಈ ಅಲೆಗಳಿಂದ ಒಳ್ಳೆಯದೂ ಆಗಿದೆ. ರಾಜ್‌ಕುಮಾರ್ ಕುಟುಂಬದಲ್ಲಿ ನೇತ್ರದಾನ ಒಂದು ಪದ್ಧತಿಯೇ ಆಗಿತ್ತು. ಪುನೀತ್ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಲಾಯಿತು. ನಂತರದ ದಿನಗಳಲ್ಲಿ ರಾಜ್ಯದಾದ್ಯಂತ ನೇತ್ರದಾನದ ಪ್ರತಿಜ್ಞೆ ಮಾಡಲು ಜನ ಮುಗಿಬಿದ್ದರು. 2021ರ ಜೂನ್‌ನಲ್ಲಿ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬ ದಾನ ಮಾಡಿದಾಗಲೂ ಇಂಥದ್ದೇ ಸ್ಪಂದನೆ ಕಂಡಿತು. ಇಲ್ಲಿಯೂ ಕಾರಣ ಅದೇ: ಅಳುವವರ ಕೈಗೆ ಒಂದು ಕೆಲಸ ಸಿಕ್ಕಿತು. ಆದರೆ ಪ್ರತಿಜ್ಞೆಯೇ ದಾನವಲ್ಲ. ಸಾವಾದ ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅದಕ್ಕೆ ಮನೆಯವರೇ ಫೋನ್ ಮಾಡಬೇಕು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿ, ನೆಟ್‌ವರ್ಕ್ ಹೋಗಿ ಕುಳಿತ ಕೊಡಗಿನ ಊರುಗಳಲ್ಲಿ ಆರು ಗಂಟೆ ಕಳೆದದ್ದೇ ತಿಳಿಯುವುದಿಲ್ಲ.

ಹೃದಯದ ಮಾತೂ ಹಾಗೆಯೇ. ಪುನೀತ್ ಸಾವಿನ ಬಳಿಕ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ನಿಂತವರ ಸಾಲು ದಿನಗಟ್ಟಲೆ ಸುದ್ದಿಯಾಯಿತು, ಜಿಮ್‌ಗಳು ಅನುಮಾನಕ್ಕೆ ಗುರಿಯಾದವು. ಗಾಬರಿ ತಗ್ಗಿದ ಮೇಲೆ ಉಳಿದ ಪ್ರಯೋಜನವೆಂದರೆ ಅವರ ಹೆಸರಿನ ಹೃದಯಜ್ಯೋತಿ ಯೋಜನೆ. ಹೃದಯಾಘಾತವಾದವರಿಗೆ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿಯೇ ಇಸಿಜಿ ನೋಡಿ, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆಯಂತೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ನಂತರ ಮುಂದೆ ಕಳುಹಿಸುವುದು ಅದರ ತಿರುಳು. ಎದೆ ಹಿಡಿದುಕೊಂಡವರನ್ನು ಮೈಸೂರಿಗೋ ಮಂಗಳೂರಿಗೋ ಘಟ್ಟದ ತಿರುವುಗಳಲ್ಲಿ ಕರೆದೊಯ್ಯಬೇಕಾದ ಜಿಲ್ಲೆಗೆ ಯಾವ ಪ್ರತಿಮೆಗಿಂತಲೂ ಇದು ಹೆಚ್ಚು ಬೆಲೆಬಾಳುವ ಸ್ಮಾರಕ.

ಅಪಾಯವಿರುವುದು ಅನುಕರಣೆಯಲ್ಲಿ. ಪ್ರಸಿದ್ಧರ ಆತ್ಮಹತ್ಯೆಯ ಸುದ್ದಿ ಅಬ್ಬರದಿಂದ ಪ್ರಕಟವಾದಾಗ ಆತ್ಮಹತ್ಯೆಗಳು ಹೆಚ್ಚುತ್ತವೆ ಎಂಬುದನ್ನು ಡೇವಿಡ್ ಫಿಲಿಪ್ಸ್ 1974ರಲ್ಲಿಯೇ ತೋರಿಸಿದ್ದರು. 1987ರಲ್ಲಿ ಎಂ.ಜಿ. ರಾಮಚಂದ್ರನ್ ತೀರಿಕೊಂಡಾಗ ತಮಿಳುನಾಡಿನಲ್ಲಿ ಅಭಿಮಾನಿಗಳು ಪ್ರಾಣ ಕಳೆದುಕೊಂಡರು, ಪುನೀತ್ ಸಾವಿನ ನಂತರ ಇಲ್ಲಿಯೂ ಅಂಥ ವರದಿಗಳು ಬಂದವು. ಅವರನ್ನು ‘ಅಪ್ಪಟ ಅಭಿಮಾನಿ’ ಎಂದು ಕೊಂಡಾಡುವ ಶೀರ್ಷಿಕೆಗಳು ಮುಂದಿನವನಿಗೆ ದಾರಿ ತೋರಿಸಿದಂತೆ. ವಿಧಾನವನ್ನು ವಿವರಿಸದೆ, ಒಂದೇ ಕಾರಣಕ್ಕೆ ಕಟ್ಟಿಹಾಕದೆ, ಸಹಾಯ ಎಲ್ಲಿ ಸಿಗುತ್ತದೆಂದು ತಿಳಿಸಿ ವರದಿ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳಿವೆ, ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಅವನ್ನು ಆಧರಿಸಿ ಮಾರ್ಗಸೂಚಿ ತಂದಿದೆ. ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡುತ್ತಾರೆ.

ತೋಟಗಳಿಗೆ ಬಂದ ಪ್ರಶ್ನೆ

ಜುಬೀನ್ ಜನಿಸಿದ್ದು ನವೆಂಬರ್ 18ರಂದು. ಕೊಡಗಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ ಒಂದೊಂದು ಆಳಿಗೂ ಪರದಾಡುವ ಹೊತ್ತು ಅದು. ಹುತ್ತರಿಗೆ, ಓಣಂಗೆ, ಪೊಂಗಲ್‌ಗೆ ರಜೆ ಕೊಟ್ಟು ಅಭ್ಯಾಸವಿರುವ ತೋಟಗಳು ಅಸ್ಸಾಮಿನವರ ಬಿಹುವಿಗೂ ಹೊಂದಿಕೊಳ್ಳುತ್ತಿವೆ. ಸೆಪ್ಟೆಂಬರ್ 19 ಮತ್ತು ನವೆಂಬರ್ 18 ಕೂಡ ಆ ಪಟ್ಟಿಗೆ ಸೇರಿಕೊಂಡರೆ ಮಾಲೀಕರಿಗೆ ಲೆಕ್ಕ ತಪ್ಪುತ್ತದೆ, ಕೊಡದಿದ್ದರೆ ಅಂದು ಅರ್ಧದಷ್ಟು ಆಳುಗಳು ಹಾಜರಿ ಕೂಗುವ ಹೊತ್ತಿಗೆ ಕಾಣದಿರಬಹುದು. ಇಡೀ ದಿನದ ರಜೆಯ ಬದಲು ಸಂಜೆ ಕೆಲಸ ಬೇಗ ಬಿಟ್ಟು, ಲೈನ್‌ಮನೆಯ ಮುಂದೆ ಒಂದು ಫೋಟೊ ಇಟ್ಟು ಹಾಡಿಕೊಳ್ಳಲು ಜಾಗ ಕೊಡುವುದು ಖರ್ಚಿಲ್ಲದ ದಾರಿ. ಊರಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಸರತಿಯಲ್ಲಿ ನಿಲ್ಲಲು ಸಾಧ್ಯವೇ ಆಗದ ಈ ಕಾರ್ಮಿಕರು 2025ರಲ್ಲಿ ಆ ನಾಲ್ಕು ದಿನವನ್ನು ಫೋನಿನ ಪರದೆಯಲ್ಲಷ್ಟೇ ನೋಡಿದವರು.